ಉಬ್ಬಸ ಬಂದಾಗ ಮೊದಲು ಗಡಿಯಾರ ನೋಡಿ: ನಿಮ್ಮ ಶ್ವಾಸನಾಳ ಯಾವ ರಾಸಾಯನಿಕಕ್ಕೆ ಕೆರಳುತ್ತದೆಂದು ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ದಮ್ಮು ಇರುವವರನ್ನು ಮಾತಿಗೆಳೆದು ‘ನಿಮಗೆ ಯಾವುದರಿಂದ ಆಗುತ್ತೆ?’ ಎಂದು ಕೇಳಿ ನೋಡಿ. ಮಂಡಕ್ಕಿ ಭಟ್ಟಿಯ ಹೊಗೆ, ಮಿರ್ಚಿ ಕರಿಯುವ ಘಾಟು, ಎಪಿಎಂಸಿಯ ಮೆಕ್ಕೆಜೋಳದ ಧೂಳು, ಅಗರಬತ್ತಿ, ಫಿನೈಲು, ಸೊಳ್ಳೆ ಬತ್ತಿ, ಪೇಂಟಿನ ವಾಸನೆ, ಬೆಳಗಿನ ಥಂಡಿ... ಪಟ್ಟಿ ಮುಗಿಯುವುದೇ ಇಲ್ಲ. ಎಲ್ಲವೂ ನಿಜವಿರಬಹುದು. ಆದರೆ ಇಷ್ಟನ್ನೂ ಬಿಟ್ಟು ಈ ಊರಲ್ಲಿ ಬಾಳುವೆ ಮಾಡಲು ಯಾರಿಗೂ ಆಗದು. ಹಾಗಾಗಿ ‘ಯಾವುದರಿಂದ’ ಎನ್ನುವುದಕ್ಕಿಂತ ಮೊದಲು ‘ತಾಗಿದ ಎಷ್ಟು ಹೊತ್ತಿಗೆ’ ಎಂದು ಕೇಳಿಕೊಳ್ಳುವುದು ವಾಸಿ. ಎರಡು ನಿಮಿಷಕ್ಕೆ ಎದೆ ಬಿಗಿದರೆ ಅದರ ಕಾರಣವೇ ಬೇರೆ. ಎರಡು ಗಂಟೆಗೆ ಬಿಗಿದರೆ ಬೇರೆ, ಕೆಲಸ ಮುಗಿಸಿ ಮನೆಗೆ ಬಂದು ಮಲಗಿದ ಮೇಲೆ ಬಿಗಿದರೆ ಇನ್ನೂ ಬೇರೆ. ಹೊರಗೆ ಕೇಳುವ ಸುಂಯ್ ಸದ್ದು ಮಾತ್ರ ಎಲ್ಲದಕ್ಕೂ ಒಂದೇ. ಜನ ಮೋಸ ಹೋಗುವುದೂ ಅಲ್ಲೇ.

ಇಲ್ಲಿ ಹೇಳುವುದೆಲ್ಲ ಆಸ್ತಮಾ ಇದೆಯೆಂದು ವೈದ್ಯರು ಈಗಾಗಲೇ ಹೇಳಿರುವವರಿಗೆ, ಇಲ್ಲವೇ ಆ ಅನುಮಾನದಲ್ಲಿ ಇರುವವರಿಗೆ. ಒಂದು ಷರತ್ತು: ‘ಇದರಿಂದಲೇ ಆಗುತ್ತದಾ ನೋಡೋಣ’ ಎಂದು ಯಾವುದನ್ನೂ ಬೇಕಂತಲೇ ಮೂಸಬೇಡಿ, ನುಂಗಬೇಡಿ. ಆ ಪ್ರಯೋಗಕ್ಕೆ ಆಸ್ಪತ್ರೆಯಿದೆ.

ಶುರುವಿಗೆ ಮುಂಚೆ: ಇದನ್ನು ಗೋಡೆಗೆ ಅಂಟಿಸಿ

ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗುತ್ತಿಲ್ಲ, ತುಟಿ ಉಗುರು ನೀಲಿಗಟ್ಟುತ್ತಿವೆ, ಮಂಪರು ಹತ್ತುತ್ತಿದೆ, ಇಲ್ಲವೇ ಇಷ್ಟು ಹೊತ್ತು ಇದ್ದ ಸುಂಯ್ ಸದ್ದು ತಟ್ಟನೆ ನಿಂತು ಉಸಿರಾಟ ಮಾತ್ರ ಕಷ್ಟವಾಗೇ ಇದೆ. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಸದ್ದು ನಿಂತಿತೆಂದು ಸಮಾಧಾನಪಡುವವರಿದ್ದಾರೆ. ಗಾಳಿಯೇ ಓಡಾಡದಿದ್ದಾಗಲೂ ಸದ್ದು ನಿಲ್ಲುತ್ತದೆ. ವಾಹನ ಬರುವವರೆಗೆ ನಾಳ ಸಡಿಲಿಸುವ ಸಾಲ್ಬುಟಮಾಲ್ ಪಂಪನ್ನು (ಇನ್ಹೇಲರ್) ಸ್ಪೇಸರ್‌ಗೆ, ಅಂದರೆ ಪಂಪಿನ ಬಾಯಿಗೆ ಹಾಕುವ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಒಂದೊಂದಾಗಿ 4ರಿಂದ 10 ಪಫ್ ಕೊಡಬಹುದು. ಮೊದಲ ಒಂದು ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಹೀಗೆ ಕೊಡಲು ಅಡ್ಡಿಯಿಲ್ಲ. ರೋಗಿಯನ್ನು ಮಲಗಿಸದೆ ಕೂರಿಸಿಕೊಳ್ಳಿ.

ಹಂತ 1: ನಾಳದೊಳಗೆ ನಡೆಯುವುದೇನು

ಶ್ವಾಸನಾಳ ಮೂರು ರೀತಿಯಲ್ಲಿ ಕಿರಿದಾಗುತ್ತದೆ: ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ, ಒಳಪದರ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ನಾಳದ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಹೆಚ್ಚುಕಡಿಮೆ 16 ಪಟ್ಟು ಏರುತ್ತದೆ. ಸಣ್ಣ ಊತಕ್ಕೂ ಮನುಷ್ಯ ಏಕೆ ಅಷ್ಟು ಏದುಸಿರು ಬಿಡುತ್ತಾನೆ ಎನ್ನುವುದಕ್ಕೆ ಉತ್ತರ ಇದು. ಆಸ್ತಮಾ ಇಲ್ಲದವರ ನಾಳವೂ ಹೊಗೆಗೆ ಸ್ವಲ್ಪ ಹಿಂಡಿಕೊಳ್ಳುತ್ತದೆ. ಆಸ್ತಮಾದಲ್ಲಿ ಆ ಪ್ರತಿಕ್ರಿಯೆ ಬಲು ಕಡಿಮೆ ಪ್ರಮಾಣಕ್ಕೇ ಶುರುವಾಗುತ್ತದೆ, ಶುರುವಾದ ಮೇಲೆ ಬೇಗ ನಿಲ್ಲುವುದಿಲ್ಲ.

ರಾಸಾಯನಿಕವೊಂದು ಆ ಸ್ನಾಯುವನ್ನು ತಲುಪುವ ದಾರಿಗಳು ಹಲವು.

ಒಂದು, ನೇರ ದಾರಿ. ನಮ್ಮ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ಸ್ರವಿಸುತ್ತದೆ. ಅದು ಸ್ನಾಯುವಿನ ಮೇಲಿರುವ ಎಂ3 ಗ್ರಾಹಿಗಳಿಗೆ (ಇಂಥ ವಸ್ತುಗಳು ಬಂದು ಕೂರುವ ತಾಣಗಳಿಗೆ) ತಗುಲಿದರೆ ಸ್ನಾಯು ಬಿಗಿಯುತ್ತದೆ. ಆಸ್ಪತ್ರೆಯ ಪರೀಕ್ಷೆಯಲ್ಲಿ ಬಳಸುವ ಮೆಥಕೋಲಿನ್ ಇದರ ಸೋದರ. ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಕಡೆಯವರು ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅದು ಕರಗದೆ ರಾಶಿ ಬೀಳುತ್ತದೆ, ನಾಳ ಹಿಂಡಿಕೊಳ್ಳುತ್ತದೆ, ಕಫ ಉಕ್ಕುತ್ತದೆ. ಔಷಧಿ ಹೊಡೆದು ಬಂದವರಿಗೆ ಉಬ್ಬಸದ ಜೊತೆ ಜೊಲ್ಲು, ಬೆವರು, ವಾಂತಿ, ಕಣ್ಣ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಕಂಡರೆ ಅದನ್ನು ಆಸ್ತಮಾ ಎಂದುಕೊಂಡು ಪಂಪು ಹೊಡೆಯುತ್ತ ಕೂರಬಾರದು. ಅದು ವಿಷಬಾಧೆ, ಅಟ್ರೋಪಿನ್ ಬೇಕು. ಬಟ್ಟೆ ಬಿಚ್ಚಿಸಿ, ಮೈ ತೊಳೆಸಿ, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಎರಡನೆಯದು ಸುತ್ತುದಾರಿ. ಒಳಪದರದಲ್ಲಿ ಮಾಸ್ಟ್ ಕೋಶಗಳಿವೆ. ಅವು ಕೆರಳಿದರೆ ಹಿಸ್ಟಮಿನ್, ಲ್ಯೂಕೋಟ್ರಿಯೀನ್, ಪ್ರೊಸ್ಟಗ್ಲಾಂಡಿನ್ ಡಿ2 ಚೆಲ್ಲುತ್ತವೆ, ಸ್ನಾಯುವನ್ನು ಹಿಂಡುವುದು ಆ ವಸ್ತುಗಳು. ಅಲರ್ಜಿಯ ಆಸ್ತಮಾದಲ್ಲಿ ಪರಾಗ, ಧೂಳುಹುಳ, ಬೆಕ್ಕಿನ ಹೊಟ್ಟು ಮುಂತಾದವು ಐಜಿಇ ಎಂಬ ಪ್ರತಿಕಾಯದ ಮೂಲಕ ಈ ಕೋಶಗಳನ್ನು ಕೆರಳಿಸುತ್ತವೆ. ಓಡಿದಾಗ ಬರುವ ಉಬ್ಬಸಕ್ಕೂ ಇದೇ ದಾರಿ. ಬಾಯಲ್ಲಿ ಒಣಗಾಳಿ ಎಳೆದು ಎಳೆದು ಒಳಪದರದ ತೇವ ಆರಿ ಉಪ್ಪಿನಂಶ ಗಟ್ಟಿಯಾಗುತ್ತದೆ, ಅದೇ ಕೋಶಗಳಿಗೆ ಪ್ರಚೋದನೆ.

ಮೂರನೆಯದು ನರಗಳ ದಾರಿ. ಒಗ್ಗರಣೆಗೆ ಒಣಮೆಣಸಿನಕಾಯಿ ಸೀದರೆ ಪಡಸಾಲೆಯಲ್ಲಿ ಕೂತವರೆಲ್ಲ ಕೆಮ್ಮುತ್ತಾರಲ್ಲ, ಅದು ಕ್ಯಾಪ್ಸೈಸಿನ್ ಎಂಬ ವಸ್ತು ಟಿಆರ್‌ಪಿವಿ1 ಗ್ರಾಹಿಯನ್ನು ತಟ್ಟಿದ ಫಲ. ಹೊಗೆಯಲ್ಲಿರುವ ಆಕ್ರೋಲಿನ್, ಕ್ಲೋರಿನ್ ಇವೆಲ್ಲ ಅದರ ಪಕ್ಕದ ಟಿಆರ್‌ಪಿಎ1 ಗ್ರಾಹಿಯನ್ನು ತಟ್ಟುತ್ತವೆ. ಘಾಟಿಗೆ ಕೆಮ್ಮು ಬಂದ ಮಾತ್ರಕ್ಕೆ ಆಸ್ತಮಾ ಎನ್ನಲಾಗದು, ಹಾಗೆ ಕೆಮ್ಮುವುದು ಆರೋಗ್ಯವಂತ ನಾಳದ ಕಾವಲುಗಾರಿಕೆ. ಕೆಮ್ಮು ನಿಂತ ಮೇಲೂ ಎದೆ ಬಿಗಿದೇ ಇದ್ದರೆ ಮಾತ್ರ ಅನುಮಾನಿಸಿ.

ಇವಲ್ಲದೆ ಮಾತ್ರೆಗಳು ಹಿಡಿಯುವ ಒಂದು ದಾರಿ, ಒಳಪದರವನ್ನೇ ಸುಡುವ ಒಂದು ದಾರಿ ಉಂಟು. ಅವು ಮುಂದಿನ ಹಂತದಲ್ಲಿ ತಾವಾಗೇ ಬರುತ್ತವೆ.

ಹಂತ 2: ಹೊತ್ತು ನೋಡಿ ಬಗೆ ಗುರುತಿಸಿ

ಕೆಲವೇ ನಿಮಿಷಗಳಲ್ಲಿ ಬಂದರೆ ಅದು ಅಲರ್ಜಿ ಇರಬೇಕು, ಇಲ್ಲವೇ ನರ ಕೆರಳಿಸುವ ಅನಿಲ. ಅನಿಲಗಳಲ್ಲಿ ನಮ್ಮೂರಿನವರು ಚೆನ್ನಾಗಿ ಅರಿತಿರಬೇಕಾದದ್ದು ಗಂಧಕದ ಡೈಆಕ್ಸೈಡ್. ಮಂಡಕ್ಕಿ ಭಟ್ಟಿಗಳಲ್ಲಿ ಭತ್ತದ ಹೊಟ್ಟು, ಸೌದೆಯ ಜೊತೆಗೆ ಹಳೇ ಟೈರು ಉರಿಸುತ್ತಾರೆಂಬ ದೂರು ಇಂದು ನಿನ್ನೆಯದಲ್ಲ. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಬೆರೆಸಿ. ಹಾಗಾಗಿ ಟೈರು ಉರಿದರೆ ಕರಿ ಮಸಿಯ ಜೊತೆ ಈ ಅನಿಲವೂ ಹೊರಡುತ್ತದೆ. ಗಾಳಿಯ ದಶಲಕ್ಷ ಭಾಗದಲ್ಲಿ ಅರ್ಧ ಭಾಗದಷ್ಟು ಇದ್ದರೂ, ಜೋರಾಗಿ ನಡೆಯುತ್ತಿರುವ ಆಸ್ತಮಾ ರೋಗಿಗೆ ಐದು ಹತ್ತು ನಿಮಿಷದಲ್ಲಿ ನಾಳ ಹಿಂಡಿಕೊಳ್ಳಬಹುದು. ಪಕ್ಕದಲ್ಲೇ ನಡೆಯುವ ಆರೋಗ್ಯವಂತನಿಗೆ ಅದರ ಹಲವು ಪಟ್ಟು ಇದ್ದರೂ ಏನೂ ಅನ್ನಿಸದೇ ಇರಬಹುದು. ‘ನಮಗ್ಯಾರಿಗೂ ಆಗದ್ದು ನಿನಗೊಬ್ಬನಿಗೆ ಏನು?’ ಎಂದು ಮನೆಯವರು ರೇಗುವುದು ಇಂಥಲ್ಲೇ. ಆಗುವುದು ಅವನೊಬ್ಬನಿಗೇ, ಸುಳ್ಳೇನಿಲ್ಲ.

ಈ ಅನಿಲ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮೂಗಿನಿಂದ ಉಸಿರೆಳೆದರೆ ಬಹುಪಾಲು ಮೂಗಿನ ತೇವದಲ್ಲೇ ಉಳಿಯುತ್ತದೆ, ಬಾಯಿ ಕಳೆದು ಏದುಸಿರು ಬಿಟ್ಟರೆ ನೇರ ಎದೆಗೆ ಇಳಿಯುತ್ತದೆ. ಚಳಿಗಾಲದ ಮುಂಜಾನೆ ಹೊಗೆ ಮೇಲೇಳದೆ ನೆಲಕ್ಕೆ ಹಾಸಿಕೊಂಡಿರುವಾಗ ಭಟ್ಟಿಗಳ ಕಡೆಯ ರಸ್ತೆಯಲ್ಲಿ ಓಟ, ಬಿರುಸಿನ ನಡಿಗೆ ಬೇಡ ಎನ್ನುವುದು ಇದಕ್ಕೆ. ಬಿಸಿಲೇರಿದ ಮೇಲೆ ಹೋಗಿ. ಇದೇ ಅನಿಲದ ಬಂಧುಗಳಾದ ಸಲ್ಫೈಟುಗಳು ಊಟದಲ್ಲೂ ಇವೆ: ಹೊಂಬಣ್ಣದ ಒಣದ್ರಾಕ್ಷಿ, ವೈನು, ಹೈಡ್ರೋಸ್ ಹಾಕಿ ಬಿಳುಪು ಮಾಡಿದ ಬೆಲ್ಲ. ಎಲ್ಲರಿಗೂ ತೊಂದರೆಯಿಲ್ಲ, ಆಸ್ತಮಾ ಇರುವವರಲ್ಲಿ ಕೆಲವರಿಗೆ ಮಾತ್ರ. ತಿಂದ ಕೂಡಲೇ ಉಬ್ಬಸ ಬಂದದ್ದು ನೆನಪಿದ್ದರೆ ಬರೆದಿಡಿ.

ಓಟದ ಉಬ್ಬಸ ಬೇರೆ ತರಹ. ಓಡುವಾಗ ಅಷ್ಟಾಗಿ ಗೊತ್ತಾಗದೆ, ನಿಂತ ಐದರಿಂದ ಹದಿನೈದು ನಿಮಿಷಕ್ಕೆ ಹೆಚ್ಚಾಗಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನೇ ಇಳಿಯುತ್ತದೆ.

ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಬಂತೇ? ಅಂದು ನುಂಗಿದ ಮಾತ್ರೆ ಯಾವುದೆಂದು ಹುಡುಕಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಔಷಧಿಗಳು ಕಾಕ್ಸ್-1 ಎಂಬ ಕಿಣ್ವವನ್ನು ತಡೆಯುತ್ತವೆ. ಅದು ನಿಂತರೆ ಲ್ಯೂಕೋಟ್ರಿಯೀನುಗಳಿಗೆ ಕಡಿವಾಣವಾಗಿದ್ದ ಪ್ರೊಸ್ಟಗ್ಲಾಂಡಿನ್ ಇ2 ಕಡಿಮೆಯಾಗಿ, ಕೆಲವರಲ್ಲಿ ಲ್ಯೂಕೋಟ್ರಿಯೀನು ಮಿತಿಮೀರಿ ಉಕ್ಕುತ್ತದೆ. ಐಜಿಇಗೆ ಇಲ್ಲಿ ಪಾತ್ರವಿಲ್ಲ, ಆದ್ದರಿಂದ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಫ್ರಾನ್ಸಿನ ವೈದ್ಯ ವಿಡಾಲ್ ಇದನ್ನು 1922ರಲ್ಲೇ ವರ್ಣಿಸಿದ್ದರು. ವಯಸ್ಕ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಈ ಬಗೆ ಇದೆಯೆಂಬುದು ಅಂದಾಜು. ಗುರುತು ಸುಲಭ: ಸಾಮಾನ್ಯವಾಗಿ ಮೂವತ್ತರ ಆಸುಪಾಸಿನಲ್ಲಿ ಶುರು, ಮೂಗಿನಲ್ಲಿ ದುರ್ಮಾಂಸ, ವಾಸನೆ ತಿಳಿಯದಿರುವುದು, ಮಾತ್ರೆ ನುಂಗಿದ ದಿನ ಮೂಗು ಕಟ್ಟಿ ಕಣ್ಣು ಕೆಂಪಾಗಿ ಆಮೇಲೆ ಉಬ್ಬಸ. ಸೊಂಟನೋವೆಂದು ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ಕೇಳುವ, ಜ್ವರಕ್ಕೆ ‘ಒಂದು ಸೂಜಿ ಹಾಕಿಬಿಡಿ’ ಎನ್ನುವ ರೂಢಿ ನಮ್ಮಲ್ಲಿ ಬಲವಾಗಿದೆ. ಮೂಗಿನ ದುರ್ಮಾಂಸವಿರುವ ಆಸ್ತಮಾ ರೋಗಿಗಳು ಈ ರೂಢಿಯನ್ನು ಇಂದೇ ಬಿಡಬೇಕು. ಇಂಥವರಲ್ಲಿ ಹೆಚ್ಚಿನವರಿಗೆ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಒಗ್ಗುತ್ತದೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರನ್ನು ಕೇಳಿ.

ಮಾತ್ರೆಗಳ ಮಾತಿನಲ್ಲೇ ಇನ್ನೊಂದು: ಮೈಗ್ರೇನ್‌ಗೆ, ಕೈನಡುಕಕ್ಕೆ ಕೊಡುವ ಪ್ರೊಪ್ರನಲಾಲ್, ಗ್ಲಾಕೋಮಾಕ್ಕೆ ಹಾಕುವ ಟಿಮೋಲಾಲ್ ಕಣ್ಣಹನಿ. ಇವು ನಾಳವನ್ನು ಸಡಿಲಿಸುವ ಬೀಟಾ ಗ್ರಾಹಿಗಳನ್ನೇ ಮುಚ್ಚುತ್ತವೆ. ಕಣ್ಣಿಗೆ ಹಾಕಿದ ಹನಿ ಎದೆಯನ್ನು ಬಿಗಿಯುತ್ತದೆಂದು ಯಾರಿಗೂ ಹೊಳೆಯುವುದಿಲ್ಲ. ಕಣ್ಣಿನ ವೈದ್ಯರಿಗೂ ಆಸ್ತಮಾ ಇದೆಯೆಂದು ಹೇಳಿ.

ಸಂಜೆ, ರಾತ್ರಿ ಬರುವ ಉಬ್ಬಸವೇ ಎಲ್ಲಕ್ಕಿಂತ ಹೆಚ್ಚು ಯಾಮಾರಿಸುವಂಥದ್ದು. ಅಲರ್ಜಿಯಲ್ಲೂ ಮೊದಲ ಅಲೆ ಇಳಿದ ಮೇಲೆ, ನಾಲ್ಕರಿಂದ ಎಂಟು ಗಂಟೆಗೆ ಎರಡನೇ ಅಲೆ ಏಳುವುದುಂಟು. ಆದರೆ ಕೆಲವು ಕಸುಬಿನ ರಾಸಾಯನಿಕಗಳು ಮೊದಲ ಅಲೆಯನ್ನೇ ತೋರಿಸದೆ ನೇರ ರಾತ್ರಿಗೆ ಬರುತ್ತವೆ. ಐಸೊಸಯನೇಟ್ ಇದಕ್ಕೆ ಹೆಸರುವಾಸಿ. ಪಿ.ಬಿ. ರಸ್ತೆಯ ಉದ್ದಕ್ಕೂ, ಚಿತ್ರದುರ್ಗದ ಹೆದ್ದಾರಿ ಬದಿಯಲ್ಲೂ ಕಾರು ಲಾರಿಗಳಿಗೆ ಪೇಂಟ್ ಹೊಡೆಯುವ ಗ್ಯಾರೇಜುಗಳಿವೆ. ಪೇಂಟಿಗೆ ಬೆರೆಸುವ ‘ಹಾರ್ಡನರ್’ನಲ್ಲಿ ಇದು ಇರುತ್ತದೆ. ಅಪಾಯದ ಮಟ್ಟ ದಾಟಿದರೂ ಮೂಗಿಗೆ ವಾಸನೆ ಹೊಡೆಯದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಆಗದೆ ಕೆಲಸ ಮಾಡಿದವನಿಗೆ ಒಂದು ದಿನ ಶುರುವಾಗುತ್ತದೆ. ಒಮ್ಮೆ ದೇಹ ಅದನ್ನು ಗುರುತು ಹಿಡಿದರೆ ಆಮೇಲೆ ಲವಲೇಶ ಸಾಕು. ಹಗಲೆಲ್ಲ ಗ್ಯಾರೇಜಿನಲ್ಲಿ ಚೆನ್ನಾಗಿದ್ದು ರಾತ್ರಿ ಮನೆಯಲ್ಲಿ ಕೆಮ್ಮುವವನು ಮನೆಯ ದಿಂಬು, ಹೆಂಡತಿ ಹಚ್ಚಿದ ಅಗರಬತ್ತಿ, ಕೊನೆಗೆ ಮೊಸರನ್ನ ಎಲ್ಲವನ್ನೂ ದೂರುತ್ತಾನೆ. ಕೇಳಬೇಕಾದ ಪ್ರಶ್ನೆ ಒಂದೇ: ರಜೆಯಲ್ಲಿ ಊರಿಗೆ ಹೋದಾಗ ಹೇಗಿರುತ್ತೆ?

ಇದೇ ಸಾಲಿನವು ಪಾರ್ಲರುಗಳಲ್ಲಿ ಕೂದಲು ಬಿಳುಪು ಮಾಡುವ ಪರ್ಸಲ್ಫೇಟ್ ಪುಡಿ, ಆಸ್ಪತ್ರೆಯ ಸಲಕರಣೆ ನೆನೆಸುವ ಗ್ಲುಟರಾಲ್ಡಿಹೈಡ್. ಬೇಕರಿಯ ಮೈದಾ ರಾಸಾಯನಿಕವಲ್ಲದಿದ್ದರೂ ಇದೇ ಆಟ ಆಡುತ್ತದೆ.

ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿದು, ವಾರ ಕಳೆದಂತೆ ಹಗುರಾದರೆ? ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರಿನ ಹಿರಿಯ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿಯ ಧೂಳಿನಲ್ಲಿ ಬ್ಯಾಕ್ಟೀರಿಯಾಗಳ ಎಂಡೊಟಾಕ್ಸಿನ್ ಇರುತ್ತದೆ, ಬಿಸಿನೋಸಿಸ್ ಎಂಬ ಈ ಕಾಯಿಲೆಗೆ ಅದು ಮುಖ್ಯ ಕಾರಣ. ಐಸೊಸಯನೇಟಿನ ನಡೆ ಇದಕ್ಕೆ ತದ್ವಿರುದ್ಧ, ವಾರ ಕಳೆದಂತೆ ಹೆಚ್ಚುತ್ತ ಹೋಗುತ್ತದೆ.

ಇನ್ನು ಸುಡುವ ಬಗೆ. ಹಿಂದೆಂದೂ ಉಬ್ಬಸವಿಲ್ಲದವರು ಒಮ್ಮೆ ಭಾರೀ ಪ್ರಮಾಣದ ಅನಿಲ ಕುಡಿದು, 24 ಗಂಟೆಯೊಳಗೆ ಶುರುವಾದ ಉಬ್ಬಸ ಮೂರು ತಿಂಗಳಾದರೂ ಹೋಗದಿದ್ದರೆ ಅದು ಪ್ರತ್ಯೇಕ ಗುಂಪು. ಅಮೆರಿಕದ ಬ್ರೂಕ್ಸ್ ಮತ್ತವರ ಸಂಗಡಿಗರು 1985ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಇಲ್ಲಿ ಅಲರ್ಜಿಯೂ ಇಲ್ಲ, ವರ್ಷಗಳ ಕಾಯುವಿಕೆಯೂ ಇಲ್ಲ. ಒಳಪದರ ಕಿತ್ತುಹೋಗಿ ನರತುದಿಗಳು ಬಯಲಾಗುತ್ತವೆ. ಇದಕ್ಕೆ ಕಾರ್ಖಾನೆಯೇ ಬೇಕಿಲ್ಲ. ಹಬ್ಬದ ಮುನ್ನಾದಿನ ಬಾಗಿಲು ಹಾಕಿಕೊಂಡು ಶೌಚಾಲಯ ತೊಳೆಯುವವರು ಆ್ಯಸಿಡ್ ಕ್ಲೀನರ್ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿದರೆ ಸಾಕು, ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಸೇರಿದರೆ ಚೆನ್ನಾಗಿ ಹೊಳೆಯುತ್ತದೆಂಬ ನಂಬಿಕೆ ಎಷ್ಟು ಮನೆಗಳಲ್ಲಿದೆಯೋ!

ಹಂತ 3: ನಾಲ್ಕು ವಾರ ಬರೆಯಿರಿ

ಅನುಮಾನ ಸಾಲದು, ಅಂಕಿ ಬೇಕು. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ದುಬಾರಿಯದಲ್ಲ. ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಏಟಿಗೆ ಊದಿ. ಮೂರು ಸಲ ಊದಿ, ಅದರಲ್ಲಿ ಹೆಚ್ಚಿನದನ್ನು ಬರೆಯಿರಿ. ಸರಾಸರಿ ತೆಗೆಯಬೇಡಿ. ಎದ್ದಾಗ, ಕೆಲಸದ ನಡುವೆ, ಮನೆಗೆ ಬಂದಾಗ, ಮಲಗುವಾಗ ಹೀಗೆ ದಿನಕ್ಕೆ ಕನಿಷ್ಠ ನಾಲ್ಕು ಸಲ. ನಾಲ್ಕು ವಾರಗಳಲ್ಲಿ ಕೆಲಸದ ದಿನಗಳೂ ಒಂದು ದೊಡ್ಡ ರಜೆಯೂ ಸೇರಿರಲಿ. ಪಕ್ಕದಲ್ಲಿ ಅಂದು ಮುಟ್ಟಿದ್ದು, ಮೂಸಿದ್ದು, ನುಂಗಿದ್ದು, ಪಂಪು ಹೊಡೆದದ್ದು, ಎಲ್ಲಕ್ಕೂ ಹೊತ್ತು ಹಾಕಿ.

ಲೆಕ್ಕ ಹೀಗೆ: ದಿನದ ಅತಿ ಹೆಚ್ಚು 400, ಅತಿ ಕಡಿಮೆ 320 ಎನ್ನಿ. ಅಂತರ 80, ಎರಡರ ಸರಾಸರಿ 360. ಏರಿಳಿತ ಶೇಕಡ 22. ವಯಸ್ಕರಲ್ಲಿ ಇದು ದಿನದಿನವೂ ಸರಾಸರಿ 10 ದಾಟುತ್ತಿದ್ದರೆ, ಮಕ್ಕಳಲ್ಲಿ 13 ದಾಟುತ್ತಿದ್ದರೆ, ನಾಳ ಅಳತೆ ಮೀರಿ ಏರಿಳಿಯುತ್ತಿದೆ ಎಂದರ್ಥ. ಕೆಲಸದ ದಿನಗಳಲ್ಲಿ ಅಂಕಿ ಕುಸಿದು ರಜೆಯಲ್ಲಿ ಮೇಲೆದ್ದರೆ, ಆ ಪುಸ್ತಕ ಯಾವ ರಕ್ತಪರೀಕ್ಷೆಗೂ ಕಡಿಮೆಯಿಲ್ಲ. ಕೆಲಸ ಬಿಡುವ ಮೊದಲೇ ಈ ದಾಖಲೆ ಮಾಡಿಕೊಳ್ಳಿ. ಬಿಟ್ಟ ಮೇಲೆ ನಾಳ ಸುಧಾರಿಸಿದರೆ ಪುರಾವೆ ಹುಡುಕುವುದು ಕಷ್ಟ.

ಹಂತ 4: ಆಸ್ಪತ್ರೆಯ ಪರೀಕ್ಷೆ

ದಾವಣಗೆರೆಯ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿನಲ್ಲಿ ಶ್ವಾಸಕೋಶ ವಿಭಾಗದಲ್ಲೇ ವಿಚಾರಿಸಿ. ಮೊದಲು ಸ್ಪೈರೊಮೆಟ್ರಿ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ, ಅಂದರೆ ಎಫ್‌ಇವಿ1, ಸಾಲ್ಬುಟಮಾಲ್ ಕೊಟ್ಟು ಹದಿನೈದು ನಿಮಿಷದ ನಂತರ ಶೇಕಡ 12 ಮತ್ತು 200 ಮಿಲಿಲೀಟರ್ ಏರಿದರೆ ಆಸ್ತಮಾದ ಕಡೆಗೆ ಬೆರಳು.

ಅಂದು ಎಲ್ಲ ಸರಿಯಿದ್ದು ಅನುಮಾನ ಉಳಿದರೆ ಪ್ರಚೋದನಾ ಪರೀಕ್ಷೆ. ಮೆಥಕೋಲಿನ್ ಅನ್ನು ಅತ್ಯಲ್ಪದಿಂದ ಏರಿಸುತ್ತ ಹೋಗಿ ಎಫ್‌ಇವಿ1 ಶೇಕಡ 20 ಕುಸಿದಲ್ಲಿಗೆ ನಿಲ್ಲಿಸುತ್ತಾರೆ. ಹಳೆಯ ಅಳತೆಯಲ್ಲಿ, ಮಿಲಿಲೀಟರಿಗೆ 16 ಮಿಲಿಗ್ರಾಂ ಏರಿದರೂ ಕುಸಿಯದಿದ್ದರೆ ಸಹಜ, 1ಕ್ಕಿಂತ ಕಡಿಮೆಯಲ್ಲೇ ಕುಸಿದರೆ ನಾಳ ತೀರಾ ಸೂಕ್ಷ್ಮ. ಇದು ನೇರ ದಾರಿಯ ಪರೀಕ್ಷೆ. ಕುಸಿಯದಿದ್ದರೆ ಸದ್ಯಕ್ಕೆ ಆಸ್ತಮಾ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಕುಸಿದರೆ ಮಾತ್ರ ಅದೇ ತೀರ್ಪಲ್ಲ, ಬೀಡಿ ಸೇದುವವರಲ್ಲೂ ಮೂಗಿನ ಅಲರ್ಜಿಯವರಲ್ಲೂ ಕುಸಿಯುತ್ತದೆ. ಉಸಿರಿನಲ್ಲಿ ಎಳೆಸುವ ಮ್ಯಾನಿಟಾಲ್ ಪುಡಿ, ಓಟದ ಪರೀಕ್ಷೆ ಸುತ್ತುದಾರಿಯವು. ಮ್ಯಾನಿಟಾಲಿಗೆ ಶೇಕಡ 15, ಓಟಕ್ಕೆ ಶೇಕಡ 10 ಕುಸಿದರೆ ಮಾಸ್ಟ್ ಕೋಶಗಳು ಕೆರಳಿವೆ ಎಂದು ಹೆಚ್ಚು ಧೈರ್ಯವಾಗಿ ಹೇಳಬಹುದು. ಕಸುಬಿನ ಅನುಮಾನವಿದ್ದರೆ ಕೆಲಸದ ವಾರದಲ್ಲೇ ಪರೀಕ್ಷೆ ಮಾಡಿಸಿ, ದೀರ್ಘ ರಜೆಯ ನಂತರ ಮಾಡಿಸಿದರೆ ಸಹಜವೆಂದು ಬರಬಹುದು. ಯಾವ ಪಂಪನ್ನು ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕೆಂದು ಅವರನ್ನೇ ಕೇಳಿ. ಮೂರು ತಿಂಗಳೊಳಗೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಮೊದಲೇ ತಿಳಿಸಿ.

ಆಸ್ಪಿರಿನ್ ಬಗೆಗೆ ರಕ್ತಪರೀಕ್ಷೆಯಿಲ್ಲ. ಖಚಿತಪಡಿಸಿಕೊಳ್ಳಲೇಬೇಕಾದರೆ ವೈದ್ಯರ ಕಣ್ಣೆದುರು ಕೊಟ್ಟು ನೋಡುವುದೊಂದೇ.

ಹಂತ 5: ಸಿಕ್ಕ ಮೇಲೆ ಏನು ಬದಲಿಸುವುದು

ಕಸುಬಿನ ರಾಸಾಯನಿಕವೆಂದು ಖಚಿತವಾದರೆ ಅದರಿಂದ ಪೂರ್ತಿ ದೂರವಾಗುವುದೇ ಮುಖ್ಯ ಚಿಕಿತ್ಸೆ, ಬೇಗ ಆದಷ್ಟೂ ಒಳ್ಳೆಯದು. ದೂರವಾದವರಲ್ಲೂ ಪೂರ್ತಿ ಗುಣವಾಗುವುದು ಸುಮಾರು ಮೂರರಲ್ಲಿ ಒಂದು ಭಾಗದವರಿಗೆ ಮಾತ್ರ. ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಹೊಡೆದರೆ ಉಪಯೋಗವಿಲ್ಲ. ಎನ್95 ಕೂಡ ಕಣಗಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಎಪಿಎಂಸಿಯ ಧೂಳಿಗೆ, ಹೊಳಲ್ಕೆರೆ ಕಡೆಯ ಗಣಿಧೂಳಿಗೆ ಅದು ಸರಿ. ಕ್ಲೋರಿನ್‌ಗೆ, ಐಸೊಸಯನೇಟ್ ಆವಿಗೆ ಸಾಲದು. ಪೇಂಟ್ ಬೂತಿನಲ್ಲಿ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡ ಬೇಕು.

ಅಲರ್ಜಿ, ಹೊಗೆ, ಓಟ ಯಾವ ಬಗೆಯಾದರೂ ಸ್ಟೀರಾಯ್ಡ್ ಇನ್ಹೇಲರ್ ನಾಳದ ಸಿಡುಕನ್ನು ವಾರ ತಿಂಗಳುಗಳಲ್ಲಿ ಇಳಿಸುತ್ತದೆ. ‘ಪಂಪು ಹಿಡಿದರೆ ಬಿಡಲಾಗದು’ ಎಂಬ ಹೆದರಿಕೆಯಲ್ಲಿ ಸಾಲ್ಬುಟಮಾಲ್ ಒಂದನ್ನೇ ಬೇಕಾದಾಗ ಎಳೆದುಕೊಳ್ಳುವವರೇ ಜಾಸ್ತಿ. ಅದು ಸ್ನಾಯು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಜಾಗತಿಕ ಆಸ್ತಮಾ ಮಾರ್ಗಸೂಚಿ 2019ರಿಂದ ಹೀಗೆ ಅದೊಂದನ್ನೇ ಬಳಸುವುದು ಬೇಡವೆನ್ನುತ್ತಿದೆ. ಸ್ಟೀರಾಯ್ಡ್ ಮತ್ತು ನಾಳ ಸಡಿಲಿಸುವ ಫಾರ್ಮೊಟೆರಾಲ್ ಒಟ್ಟಿಗಿರುವ ಪಂಪು ನಿಮಗೆ ಹೊಂದುತ್ತದೆಯೇ ಎಂದು ಕೇಳಿ.

ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದು ಕಾರಣವೆಂದು ಗೊತ್ತಾಗದೇ ಹೋಗುತ್ತದೆ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ, ಎರಡು ವಾರ ಊದಿ ನೋಡಿ. ಆಮೇಲೆ ಅಗರಬತ್ತಿ, ಆಮೇಲೆ ಸ್ಪ್ರೇ ಕ್ಲೀನರ್. ಅಂಕಿ ಅಲುಗದಿದ್ದರೆ ಬಿಟ್ಟದ್ದನ್ನು ಮತ್ತೆ ಶುರು ಮಾಡಬಹುದು, ಸೊಳ್ಳೆ ಬತ್ತಿಯೊಂದನ್ನು ಬಿಟ್ಟು. ಅದರ ಹೊಗೆ ಯಾರ ಎದೆಗೂ ಒಳ್ಳೆಯದಲ್ಲ. ವೈದ್ಯರ ಬಳಿಗೆ ಹೋಗುವಾಗ ಊದಿದ ಪುಸ್ತಕ, ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಕೆಲಸದಲ್ಲಿ ಬಳಸುವ ಡಬ್ಬಿಗಳ ಲೇಬಲ್‌ನ ಫೋಟೊ ಒಯ್ಯಿರಿ. ಇಎಸ್‌ಐ ಕಾರ್ಡ್ ಇರುವವರು ಕಾಯಿಲೆ ಕೆಲಸದಿಂದ ಬಂದದ್ದೆಂಬ ಅನುಮಾನವನ್ನು ಚೀಟಿಯಲ್ಲಿ ಬರೆಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.